ಅಘನಾಶಿನಿಯ ನೀರು ಎಲ್ಲಿ ಪೋಲಾಗುತ್ತದೆ ಎಂದು ಹುಡುಕುತ್ತಾ

ನಮ್ಮ ಹಿರಿಯೂರು ಕಡೆ ಬೇಸಿಗೆ ಬಂತೆಂದರೆ ಟೀ ಅಂಗಡಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ‘ಪಶ್ಚಿಮ ಘಟ್ಟದಲ್ಲಿ ಅಷ್ಟು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ಪೋಲಾಗ್ತಿದೆ. ಇಲ್ಲಿ ನೋಡಿದ್ರೆ ಸಾವಿರ ಅಡಿ ಕೊರೆದ್ರೂ ಬರೀ ಧೂಳು.’ ಈ ಮಾತಿಗೆ ತಲೆಯಾಡಿಸದವರು ನಮ್ಮಲ್ಲಿ ಕಡಿಮೆ. ನಾನೂ ಆಡಿಸಿದವನೇ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಅದು ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಡುವೆ ಎಂಬತ್ತೊಂಬತ್ತು ವರ್ಷ. ಅಂಥ ಊರಿನವರಿಗೆ ಹರಿಯುವ ನೀರು ಕಂಡರೆ ಆಸೆ ಹುಟ್ಟುವುದರಲ್ಲಿ ತಪ್ಪೇನಿದೆ ಹೇಳಿ.

ಆಮೇಲೆ ಅಘನಾಶಿನಿ ನದಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪದ ಸುದ್ದಿ ಬಂತು. ವೇದಾವತಿ ಅಂದರೆ ನಮ್ಮ ಹೊಳೆ. ಊರಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಒಂದು ಕುತೂಹಲ ಶುರುವಾಯಿತು. ಯಾರ ಮುಂದೆ ಕೈ ಚಾಚುತ್ತಿದ್ದೇವೋ ಅವರ ಮನೆಯನ್ನು ಒಮ್ಮೆಯಾದರೂ ನೋಡಬೇಕಲ್ಲವಾ? ನೀರು ಪೋಲಾಗುವುದು ನಿಜವಾದರೆ ಅದು ಎಲ್ಲಿ, ಯಾವ ತಿರುವಿನಲ್ಲಿ ಪೋಲಾಗುತ್ತದೆ ಎಂದು ಕಣ್ಣಿಂದ ಕಾಣಬೇಕಲ್ಲವಾ? ಹಾಗೆ ಶಿರಸಿಯಿಂದ, ಹೊಳೆ ಸಮುದ್ರ ಸೇರುವ ತದಡಿಯವರೆಗೆ ಈ ಹೊಳೆಯ ಜಾಡು ಹಿಡಿದೆ. ಒಂದೇ ಸಲಕ್ಕಲ್ಲ. ಮಳೆಗಾಲದಲ್ಲಿ ಸ್ವಲ್ಪ, ಚಳಿಯಲ್ಲಿ ಸ್ವಲ್ಪ, ಬಿಸಿಲಲ್ಲಿ ಸ್ವಲ್ಪ.

ನಕ್ಷೆಯಲ್ಲಿ ನೋಡಿದರೆ ಉತ್ತರ ಕನ್ನಡದ ಹೊಳೆಗಳ ಕಥೆ ಬೇಗ ಅರ್ಥವಾಗುತ್ತದೆ. ಉತ್ತರಕ್ಕೆ ಕಾಳಿ. ಅದಕ್ಕೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು. ದಕ್ಷಿಣಕ್ಕೆ ಶರಾವತಿ. ಅದಕ್ಕೆ 1964ರ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಇವೆರಡರ ನಡುವೆ ಸುಮಾರು 120 ಕಿಲೋಮೀಟರ್ ಹರಿಯುವ ಅಘನಾಶಿನಿಗೆ ಹುಟ್ಟಿದಲ್ಲಿಂದ ಸಮುದ್ರದವರೆಗೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಈ ಕಾಲದಲ್ಲಿ ಇದು ಅಪರೂಪದ ಸಂಗತಿ. ಒಂದು ಹೊಳೆಯನ್ನು ಅದರ ಪಾಡಿಗೆ ಬಿಟ್ಟರೆ ಏನೇನು ಮಾಡುತ್ತದೆ ಎಂದು ನೋಡಲು ಉಳಿದಿರುವ ಜಾಗಗಳೇ ಕಡಿಮೆ.

ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತದೆ. ಶಿರಸಿ ಪೇಟೆಯ ಶಂಕರಹೊಂಡ ಎನ್ನುವವರಿದ್ದಾರೆ. ವೆಂಕಟರಮಣ ದೇವಸ್ಥಾನವಿರುವ ಮಂಜುಗುಣಿಯ ಕಡೆಯ ಹಳ್ಳ ಎನ್ನುವವರೂ ಇದ್ದಾರೆ. ಎರಡೂ ಕಡೆಯ ನೀರು ಕೆಳಗೆ ಸೇರುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಶಂಕರಹೊಂಡದ ಸುತ್ತ ಈಗ ಪೇಟೆ ಬೆಳೆದಿದೆ. ಇಲ್ಲಿಂದ ಹೊರಟ ನೀರು ಮುಂದೆ 116 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂದು ನಂಬುವುದು ಕಷ್ಟ.

ಧುಮುಕುವುದು ಉಂಚಳ್ಳಿಯಲ್ಲಿ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ. 1845ರಲ್ಲಿ ಲಶಿಂಗ್ಟನ್ ಎಂಬ ಕಲೆಕ್ಟರ್ ಇದನ್ನು ‘ಕಂಡುಹಿಡಿದ’ ಎಂದು ಪುಸ್ತಕಗಳು ಹೇಳುತ್ತವೆ, ಹಾಗಾಗಿ ಲಶಿಂಗ್ಟನ್ ಜಲಪಾತ ಎಂಬ ಹೆಸರೂ ಅಂಟಿಕೊಂಡಿದೆ. ಪಾಪ, ಅದಕ್ಕೂ ಮೊದಲೇ ಇಲ್ಲಿನವರು ಇದನ್ನು ಕೆಪ್ಪಜೋಗ ಎನ್ನುತ್ತಿದ್ದರು. ಜೋಗ ಅಂದರೆ ಇಲ್ಲಿ ಜಲಪಾತ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳದಷ್ಟು ಸದ್ದು, ಅದಕ್ಕೆ ಆ ಹೆಸರು. ಜುಲೈನಲ್ಲಿ ಹೋದರೆ ಜೋಗ ಕಾಣುವುದೇ ಇಲ್ಲ. ಬರೀ ಬಿಳಿ ಮಂಜು, ಒಳಗಿನಿಂದ ಗುಡುಗು. ಗಾಳಿ ಬೀಸಿ ಮಂಜು ಸರಿದರೆ ಒಂದು ನಿಮಿಷ ದರ್ಶನ, ಮತ್ತೆ ಪರದೆ. ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾಗುವುದು ಗಾಡಿಗೆ ವಾಪಸ್ ಬಂದ ಮೇಲೆ. ಸುಣ್ಣ ಹೊಗೆಸೊಪ್ಪು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಬಹಳ ಜನ ಇಲ್ಲಿ ಫೋಟೋ ತೆಗೆದು ತಿರುಗಿ ಹೋಗುತ್ತಾರೆ. ನನ್ನ ಕೇಳಿದರೆ ಈ ಕಣಿವೆಯಲ್ಲಿ ನೋಡಬೇಕಾದ್ದು ಜೋಗದ ಮೇಲೂ ಕೆಳಗೂ ಇರುವ ಹೊಳೆದಂಡೆ. ಅಲ್ಲಿ ನಿಂತ ಮಾವಿನ ಮರಗಳು.

ಅಪ್ಪೆಮಿಡಿಯ ಹೆಸರು ಎಲ್ಲರಿಗೂ ಗೊತ್ತು. ಉಪ್ಪಿನಕಾಯಿ ಬಾಟಲಿಯ ಮೇಲೆ ಓದಿರುತ್ತೀರಿ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಆದರೆ ಅದು ತೋಟದಲ್ಲಿ ನೆಟ್ಟು ಬೆಳೆಸಿದ ಮಾವಲ್ಲ. ತಾನಾಗಿ ಹುಟ್ಟಿದ ಕಾಡುಮಾವು, ಅದರಲ್ಲೂ ಹೊಳೆ ಹಳ್ಳಗಳ ಅಂಚಿಗೆ ಜಾಸ್ತಿ. ನೆರೆ ಬಂದಾಗ ಹಣ್ಣು, ಗೊರಟು ತೇಲಿಹೋಗಿ ಕೆಳಗಿನ ದಂಡೆಯಲ್ಲಿ ನಿಲ್ಲುತ್ತವೆ. ಅಲ್ಲಿ ಮೊಳೆಯುತ್ತವೆ. ಗೊರಟಿನಿಂದ ಹುಟ್ಟಿದ್ದರಿಂದ ಒಂದು ಮರದ ಮಿಡಿಯಂತೆ ಇನ್ನೊಂದರದ್ದಿಲ್ಲ. ಒಂದಕ್ಕೆ ಜೀರಿಗೆ ಪರಿಮಳ, ಒಂದಕ್ಕೆ ಕರ್ಪೂರದ್ದು. ಒಂದು ಉದ್ದ, ಒಂದು ಗುಂಡಗೆ. ಹಾಗಾಗಿ ಇಲ್ಲಿ ತಳಿಗೆ ಹೆಸರಿಲ್ಲ, ಮರಕ್ಕೇ ಹೆಸರು. ಅನಂತಭಟ್ಟನ ಅಪ್ಪೆ ಅಂದರೆ ಶಿರಸಿ ಸೀಮೆಯಲ್ಲಿ ಕಣ್ಣರಳಿಸುತ್ತಾರೆ. ಉಳಿದವಕ್ಕೆ ಊರಿನ ಹೆಸರು, ಮನೆತನದ ಹೆಸರು, ಹೊಳೆಯ ತಿರುವಿನ ಹೆಸರು.

ನಾನು ಉಳಿದುಕೊಂಡಿದ್ದ ಮನೆಯ ಅಮ್ಮ ಒಂದು ಸಂಜೆ ಭರಣಿ ತೆಗೆದರು. ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚುವ ಮೊದಲು ಕೈಯನ್ನು ಎರಡು ಸಲ ಒರೆಸಿಕೊಂಡರು, ಒಂದು ಹನಿ ನೀರು ಒಳಗೆ ಬಿದ್ದರೂ ಕೆಟ್ಟಿತು ಎಂದರ್ಥ. ಒಳಗೆ ಉಪ್ಪುನೀರಲ್ಲಿ ಮಿಡಿಗಳು ಮುರುಟಿ ಮಲಗಿದ್ದವು. ಒಂದೊಂದಕ್ಕೂ ಗೇಣಿನ ಕಾಲುಭಾಗದಷ್ಟು ತೊಟ್ಟು ಹಾಗೇ ಇತ್ತು. ‘ತೊಟ್ಟು ಮುರಿದರೆ ಸೊನೆ ಹೋಗ್ತದೆ. ಸೊನೆ ಹೋದ ಮಿಡಿ ಹಾಕಿ ಪ್ರಯೋಜನ ಇಲ್ಲ’ ಎಂದರು. ಪರಿಮಳ ಇರುವುದೂ ಮಿಡಿ ಕೆಡದಂತೆ ಕಾಯುವುದೂ ಆ ಸೊನೆಯೇ ಎಂಬುದು ಅವರ ಲೆಕ್ಕ. ಅದಕ್ಕೇ ಮಿಡಿಯನ್ನು ಮರ ಅಲ್ಲಾಡಿಸಿ ಉದುರಿಸುವ ಹಾಗಿಲ್ಲ. ಮರ ಹತ್ತಿ, ಗೊಂಚಲು ಕೊಯ್ದು, ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಬಿಡಬೇಕು. ಹೊಳೆಯ ಮೇಲೆ ಬಾಗಿದ ಎತ್ತರದ ಮರದಲ್ಲಿ ಇದು ಹುಡುಗಾಟವಲ್ಲ. ಹತ್ತುವವರು ಕಡಿಮೆಯಾದಂತೆ ಕೆಲವರು ಕೊಂಬೆಯನ್ನೇ ಕಡಿದು ಕೆಡವತೊಡಗಿದ್ದಾರೆ. ಒಂದು ವರ್ಷದ ಮಿಡಿಗೆ ಹತ್ತು ವರ್ಷದ ಕೊಂಬೆ. ಸಮಾಧಾನದ ಸಂಗತಿ ಎಂದರೆ ಹೆಸರಾದ ಮರಗಳ ಕುಡಿ ತಂದು ಕಸಿ ಕಟ್ಟುವವರೂ ಈಗ ಜಾಸ್ತಿಯಾಗಿದ್ದಾರೆ. ಶಿರಸಿ, ಸಾಗರದ ನರ್ಸರಿಗಳಲ್ಲಿ ಕೇಳಿದರೆ ಗಿಡ ಸಿಗುತ್ತದೆ.

ಆ ಮನೆಗೆ ಹೋದ ಮೊದಲ ದಿನ ಜಗಲಿಯಲ್ಲಿ ಕೂತ ಯಜಮಾನರು ‘ಆಸ್ರಿಗೆ ಎಂತ ಬೇಕು? ಬಿಸಿಯೋ, ತಂಪೋ?’ ಎಂದು ಕೇಳಿದರು. ಯಾವ ಊರು ಎಂದರು. ಹಿರಿಯೂರು ಎಂದೆ. ಒಂದು ಕ್ಷಣ ಸುಮ್ಮನಿದ್ದು ಒಳಗೆ ತಿರುಗಿ, ‘ಕೇಳಿತಾ, ನಮ್ಮ ಹೊಳೆ ಒಯ್ಯಲಿಕ್ಕೆ ಬಂದವರಿಗೆ ಒಂದು ಲೋಟ ಮಜ್ಜಿಗೆ ತಾ’ ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಆಮೇಲೆ ಅವರು ತೋಟಕ್ಕೆ ಕರೆದುಕೊಂಡು ಹೋದರು. ಬಯಲುಸೀಮೆಯ ಅಡಿಕೆ ತೋಟ ನೋಡಿದ ಕಣ್ಣಿಗೆ ಇದು ಬೇರೆಯೇ ಲೋಕ. ನಮ್ಮಲ್ಲಿ ತೋಟ ಅಂದರೆ ಬೋರ್‌ವೆಲ್ ಇರುವಲ್ಲಿ ಚೌಕಾಕಾರದ ಹಸಿರು. ಇಲ್ಲಿ ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಹಳ್ಳ ಹರಿಯುವ ಉದ್ದಕ್ಕೂ ತೋಟ ಇಳಿಯುತ್ತಾ ಹೋಗುತ್ತದೆ. ಅಡಿಕೆಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಗೆ ಏಲಕ್ಕಿ, ಬಾಳೆ. ಹಳ್ಳ ದಾಟಲು ಅಡಿಕೆ ಮರದ ಸಂಕ. ಮೇಲಿನ ಗುಡ್ಡದ ಒರತೆಯಿಂದ ಅಬ್ಬಿ ನೀರು ಪೈಪಿನಲ್ಲಿ ಮನೆಯ ಹಂಡೆಗೇ ಬಂದು ಬೀಳುತ್ತದೆ. ಕರೆಂಟು ಬೇಡ, ಪಂಪು ಬೇಡ.

ತೋಟದ ಮೇಲಿನ ಕಾಡು ಸುಮ್ಮನೆ ಕಾಡಲ್ಲ. ಅದು ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲೇ ಈ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂದು ಸೌಲಭ್ಯ ಕೊಟ್ಟಿದ್ದರು. ಜಾಗ ಸರ್ಕಾರದ್ದು. ಸೊಪ್ಪು, ದರಕು, ಹುಲ್ಲು ತರುವ ಹಕ್ಕು ತೋಟದವರದ್ದು. ಮರ ಕಡಿಯುವಂತಿಲ್ಲ, ರೆಂಬೆ ಸವರಬಹುದು. ಚಳಿ ಮುಗಿಯುವ ಹೊತ್ತಿಗೆ ಉದುರಿದ ಎಲೆ ಗುಡಿಸಿ ತರುತ್ತಾರೆ, ಅದು ದರಕು. ಕೊಟ್ಟಿಗೆಯಲ್ಲಿ ಹಾಸುತ್ತಾರೆ. ದನದ ಸಗಣಿ ಗಂಜಲ ಸೇರಿ ಗೊಬ್ಬರವಾಗುತ್ತದೆ. ಗೊಬ್ಬರ ತೋಟಕ್ಕೆ. ಗುಡ್ಡದಲ್ಲಿ ಮರ ಇದ್ದರೆ ಒರತೆಯಲ್ಲಿ ನೀರು. ಒರತೆ ಇದ್ದರೆ ತೋಟ. ಅಂದರೆ ಬೆಟ್ಟ ಕಾಯುವುದು ಪುಣ್ಯದ ಕೆಲಸ ಅಂತ ಅಲ್ಲ, ಅದು ಹೊಟ್ಟೆಪಾಡು.

ಇದನ್ನು ಸ್ವರ್ಗ ಎಂದು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಸವರಿ ಸವರಿ ಗಳದಂತೆ ನಿಂತ ಮರಗಳ ಬೆಟ್ಟವನ್ನೂ ನೋಡಿದೆ. ಪಕ್ಕದವರ ಬೆಟ್ಟ ದಟ್ಟವಾಗಿದ್ದರೆ ಇವರದ್ದು ಬೋಳು. ದನ ಸಾಕುವವರು ಕಡಿಮೆಯಾದ ಮೇಲೆ ಕೆಲವು ಕೊಟ್ಟಿಗೆ ಖಾಲಿ. ಗೊಬ್ಬರ ಲಾರಿಯಲ್ಲಿ ಬರುತ್ತದೆ. ಮಕ್ಕಳು ಬೆಂಗಳೂರಲ್ಲಿ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಕ್ಕ ದಿನವೇ ಅಡಿಕೆ ಕೊಯ್ಲು, ಅವನು ಸಿಗದಿದ್ದರೆ ಕಾಯಬೇಕು. ಮೊದಲು ಕೊಳೆರೋಗ ತಡೆಯಲು ಕರಡದ ಹುಲ್ಲಿನ ಕೊಟ್ಟೆ ಹೆಣೆದು ಅಡಿಕೆ ಗೊನೆಗೆ ಕಟ್ಟುತ್ತಿದ್ದರಂತೆ. ಈಗ ಪ್ಲಾಸ್ಟಿಕ್ ಕೊಟ್ಟೆ, ಇಲ್ಲವೇ ಮೈಲುತುತ್ತದ ಬೋರ್ಡೋ ದ್ರಾವಣ. ಹುಲ್ಲಿನ ಕೊಟ್ಟೆ ಹೆಣೆಯಲು ಬರುವವರು ಈ ಊರಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದೆ. ಯಜಮಾನರು ತಮ್ಮ ಎರಡೂ ಕೈ ತೋರಿಸಿದರು.

ಸಂಜೆ ಮತ್ತೆ ಹೊಳೆಯ ಮಾತಿಗೆ ಬಂದರು. ‘ನಿಮ್ಮ ಕಡೆಗೆ ನೀರು ಬೇಡ ಅಂತ ನಾವು ಹೇಳ್ತಾ ಇಲ್ಲ. ಆದರೆ ನೀವು ಈಗ ಬಂದದ್ದು ಆಗಸ್ಟ್ ಮಾಸ. ಏಪ್ರಿಲಿನಲ್ಲಿ ಒಮ್ಮೆ ಬನ್ನಿ. ಆಗ ನೋಡಿ ಹೇಳಿ, ಎಷ್ಟು ನೀರು ಒಯ್ಯಬಹುದು ಅಂತ.’ ಹೋದೆ, ಏಪ್ರಿಲಿನಲ್ಲಿ. ಮಳೆಯಲ್ಲಿ ಕಿವಿ ಕಿವುಡು ಮಾಡಿದ ಉಂಚಳ್ಳಿ ಬಂಡೆಗೆ ಅಂಟಿದ ಬಿಳಿ ದಾರವಾಗಿತ್ತು. ಮೇಲಿನ ಹೊಳೆಯನ್ನು ಬಂಡೆಯಿಂದ ಬಂಡೆಗೆ ದಾಟಿದೆ, ಪ್ಯಾಂಟು ಮಡಿಸಬೇಕಾಗಲಿಲ್ಲ. ಶಿರಸಿ ಸುತ್ತಿನ ಕೆಲವು ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೋಗುತ್ತದೆ ಎಂಬುದು ನಮ್ಮ ಟೀ ಅಂಗಡಿಗೆ ತಲುಪದ ಸುದ್ದಿ. ಇಲ್ಲಿ ನೀರು ನಾಲ್ಕು ತಿಂಗಳ ಸರಕು. ಅದನ್ನು ಹಿಡಿದಿಟ್ಟು ಘಟ್ಟದಾಚೆ ಒಯ್ಯಬೇಕೆಂದರೆ ಕಾಡಿನೊಳಗೆ ಕಟ್ಟೆ ಕಟ್ಟಬೇಕು. ಸುರಂಗವೋ ಪೈಪೋ ಹಾಯಿಸಬೇಕು. ಮುಳುಗುವುದು ಇದೇ ಸಂದುಗಳು, ಇದೇ ತೋಟ, ಇದೇ ಹೊಳೆದಂಡೆ.

ಈ ಸೀಮೆಯವರು ಇಂಥ ವಿಷಯಕ್ಕೆ ಎದ್ದು ನಿಲ್ಲುವುದು ಹೊಸದೇನಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಅದಕ್ಕೂ ಮೊದಲು ಪಕ್ಕದ ಬೇಡ್ತಿ ಕಣಿವೆಯಲ್ಲಿ ಜಲವಿದ್ಯುತ್ ಯೋಜನೆ ಬೇಡವೆಂದು ಹೋರಾಟ ನಡೆದಿತ್ತು. ಅಡಿಕೆ ಬೆಳೆಗಾರರು ಲಾಭನಷ್ಟದ ಲೆಕ್ಕ ಹಾಕಿ ವಿಜ್ಞಾನಿಗಳ ಜತೆ ಕೂತು ವಾದಿಸಿದ್ದರು. ಕೂಗಾಟಕ್ಕಿಂತ ಲೆಕ್ಕದ ಮೇಲೆ ಇಲ್ಲಿನವರಿಗೆ ನಂಬಿಕೆ ಜಾಸ್ತಿ. ಅಡಿಕೆ ವ್ಯಾಪಾರ ಮಾಡಿದವರಲ್ಲವೇ!

ಸಿದ್ದಾಪುರದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಕಾನು ಅಂದರೆ ಈ ಕಡೆ ಹಿಂದಿನವರು ದೇವರ ಹೆಸರಲ್ಲಿ ಉಳಿಸಿಕೊಂಡು ಬಂದ ದಟ್ಟ ಹಸಿರು ಕಾಡು. ಇಲ್ಲಿ ರಾಮಪತ್ರೆ ಜಡ್ಡಿ ಇದೆ. ಜಡ್ಡಿ ಎಂದರೆ ಸದಾ ನೀರು ನಿಂತ ಜೌಗು. ಜಾಯಿಕಾಯಿ ಕುಟುಂಬದ ಮರಗಳು ಆ ಕೆಸರಲ್ಲೇ ಬೆಳೆಯುತ್ತವೆ. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರುಗಳು ಮೇಲೆದ್ದು, ಮೊಣಕಾಲು ಮಡಿಸಿದಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ನೆಲದ ತುಂಬಾ ಮೊಣಕಾಲುಗಳು. ಹೆಜ್ಜೆ ಎಲ್ಲಿ ಇಡಬೇಕು ಎಂದು ಗೊತ್ತಾಗುವುದಿಲ್ಲ. ಇಡದಿರುವುದೇ ಒಳ್ಳೆಯದು, ಅಂಚಿನಲ್ಲಿ ನಿಂತು ನೋಡಿದರೆ ಸಾಕು. ಪಶ್ಚಿಮ ಘಟ್ಟದಲ್ಲಿ ಇಂಥ ಜಡ್ಡಿಗಳು ಚೂರುಚೂರಾಗಿ ಮಾತ್ರ ಉಳಿದಿವೆ. ಬಹಳಷ್ಟನ್ನು ಗದ್ದೆ, ತೋಟ ಮಾಡಿದ್ದಾಯಿತು. 2000ದಲ್ಲಿ ಇಲ್ಲಿನ ಒಂದು ಮರವನ್ನು ಹೊಸ ಪ್ರಭೇದವೆಂದು ಗುರುತಿಸಿದಾಗ ಅದಕ್ಕೆ ಈ ಕಾನಿನ ಹೆಸರನ್ನೇ ಇಟ್ಟರು, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಕುಟುಂಬದ್ದು. ಒಂದು ಸಣ್ಣ ಜೌಗು ಇಷ್ಟು ವರ್ಷ ಯಾರಿಗೂ ಹೆಸರು ಗೊತ್ತಿಲ್ಲದ ಮರವನ್ನು ಇಟ್ಟುಕೊಂಡಿತ್ತು.

ಈ ಎತ್ತರದ ಮರಗಳ ನೆತ್ತಿಯಲ್ಲೇ ಸಿಂಗಳೀಕ ಓಡಾಡುವುದು. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ನೆಲಕ್ಕೆ ಇಳಿಯುವುದು ಅಪರೂಪ, ಹಾಗಾಗಿ ನಡುವೆ ಕಾಡು ಕಡಿದರೆ ಅದಕ್ಕೆ ದಾರಿ ಕಡಿದಂತೆಯೇ. ಅದರ ಸಲುವಾಗಿ 2011ರಲ್ಲಿ ಉಂಚಳ್ಳಿ, ಕತ್ತಲೆಕಾನು ಎಲ್ಲ ಸೇರಿಸಿ ಸುಮಾರು 300 ಚದರ ಕಿಲೋಮೀಟರ್ ಜಾಗವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದರು. ನನಗೆ ಕಂಡದ್ದು ಅಲ್ಲಾಡಿದ ಒಂದು ಕೊಂಬೆ, ಕೆಳಗೆ ಬಿದ್ದ ಅರ್ಧ ತಿಂದ ಕಾಯಿ. ಅಷ್ಟೇ.

ಬಿಳಗಿಗೂ ಹೋಗಿದ್ದೆ. ಸಿದ್ದಾಪುರದಿಂದ ದೂರವಿಲ್ಲ. ಒಂದು ಕಾಲಕ್ಕೆ ಸಣ್ಣ ಅರಸುಮನೆತನದ ರಾಜಧಾನಿ, ಶ್ವೇತಪುರ ಎಂಬ ಹೆಸರೂ ಇತ್ತು. ಈಗ ಒಂದು ನಿದ್ದೆಗಣ್ಣಿನ ಊರು. ಅಲ್ಲಿನ ರತ್ನತ್ರಯ ಬಸದಿಯ ಕಲ್ಲುಕೆಲಸ ನಿಂತು ನೋಡುವಂಥದ್ದು, ಶಾಸನಗಳೂ ಇವೆ. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. ಯಾಣದ ಕಥೆ ಇದಕ್ಕೆ ತಿರುಗಾಮುರುಗಾ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಕಾಡಿನ ನಡುವೆ ಕಪ್ಪಗೆ ಎದ್ದು ನಿಂತ ಸುಣ್ಣಕಲ್ಲು, ಭಸ್ಮಾಸುರ ಸುಟ್ಟ ಬೂದಿಯೆಂಬ ಕಥೆ, ಎಲ್ಲವೂ ಸರಿ. ಶನಿವಾರ ಭಾನುವಾರ ಮಾತ್ರ ಹೋಗಬೇಡಿ. ಅಲ್ಲಿಂದ ಹೊರಡುವ ಚಂಡಿಕಾ ಹೊಳೆ ಅಘನಾಶಿನಿಗೇ ಸೇರುತ್ತದೆ ಎಂಬುದಷ್ಟೇ ನನ್ನ ಹುಡುಕಾಟಕ್ಕೆ ಬೇಕಾಗಿದ್ದು.

ದೇವಿಮನೆ ಘಟ್ಟ ಇಳಿದರೆ ಗಾಳಿಯೇ ಬದಲು. ಬೆವರು, ಮೀನು, ತೆಂಗು. ಮೇಲೆ ಬಂಡೆಗಳ ನಡುವೆ ನುಗ್ಗುತ್ತಿದ್ದ ಹೊಳೆ ಇಲ್ಲಿ ಅಗಲವಾಗಿ, ನಿಧಾನವಾಗಿ, ದಿನಕ್ಕೆರಡು ಸಲ ಉಬ್ಬರದ ಜತೆ ಹಿಂದಕ್ಕೂ ಹರಿಯುತ್ತದೆ. ದಂಡೆಯ ಹತ್ತಿರವೇ ಮಿರ್ಜಾನ್ ಕೋಟೆ. ಚಿರೇಕಲ್ಲಿನ ಗೋಡೆಗೆ ಹಸಿರು ಪಾಚಿ ಹಿಡಿದು, ಮಳೆಗಾಲದಲ್ಲಿ ಕೋಟೆಯೇ ಚಿಗುರಿದ ಹಾಗೆ ಕಾಣುತ್ತದೆ. ಕಟ್ಟಿಸಿದ್ದು ಗೇರುಸೊಪ್ಪೆಯ ಚೆನ್ನಭೈರಾದೇವಿ ಎಂದು ಇಲ್ಲಿನವರು ಹೇಳುತ್ತಾರೆ. ಬಿಜಾಪುರದವರ ಅಧಿಕಾರಿ ಕಟ್ಟಿಸಿದ್ದು ಎಂಬ ವಾದವೂ ಇದೆ. ಕೋಟೆಯ ವಿಷಯ ಹೇಗೇ ಇರಲಿ, ಅರ್ಧ ಶತಮಾನ ಆಳಿದ ಆ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಮೇಲಿನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ್ದ ಬಳ್ಳಿ ನೆನಪಿಸಿಕೊಳ್ಳಿ. ಘಟ್ಟದ ಮೆಣಸು ಕರಾವಳಿಯ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಕೋಟೆಯ ಒಳಗೆ ಅಗೆದಾಗ ಚೀನಾ ಪಿಂಗಾಣಿಯ ಚೂರು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿದ್ದು ಅದಕ್ಕೇ.

ಅಳಿವೆಯ ಸುತ್ತಲಿನ ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಉಬ್ಬರದ ಉಪ್ಪುನೀರು ನುಗ್ಗುವ ಜಾಗ. ಕುಮಟಾ ತಾಲೂಕಿನ ಮಾಣಿಕಟ್ಟಾದ ಕಡೆ ಇದರಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಡೆದುಕೊಳ್ಳುವ, ಆಳೆತ್ತರಕ್ಕೆ ಹತ್ತಿರ ಬೆಳೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ತಳಿ. ಎಷ್ಟೇ ಉಪ್ಪು ತಡೆದರೂ ಮೊಳಕೆಗೆ ಸಿಹಿನೀರು ಬೇಕೇ ಬೇಕು. ಅದಕ್ಕೆ ಮಳೆಗಾಲದ ಮೊದಲ ನೀರಿಗೆ ಕಾಯುತ್ತಾರೆ. ಮಳೆಯೂ ಘಟ್ಟದಿಂದ ಬರುವ ಕೆಂಪು ನೀರೂ ಸೇರಿ ಗಜನಿಯ ಉಪ್ಪು ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ. ಗೊಬ್ಬರ ಹೊಳೆಯೇ ತಂದಿರುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಅದರ ಜತೆ ಮೀನು, ಸಿಗಡಿ ಮರಿ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಊಟ. ಅದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಕಗ್ಗ ಈಗ ಕಡಿಮೆಯಾಗಿದೆ. ಒಡ್ಡು ಒಡೆದರೆ ಒಬ್ಬರೇ ಕಟ್ಟಿಕೊಳ್ಳಲಾಗುವುದಿಲ್ಲ, ಊರೇ ಸೇರಬೇಕು. ಊರು ಸೇರುವುದು ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ. ಸಿಗಡಿಯಲ್ಲಿ ಕಾಸು ಜಾಸ್ತಿ, ಹಾಗಾಗಿ ವರ್ಷವಿಡೀ ಉಪ್ಪುನೀರೇ ಇರಲಿ ಎನ್ನುವವರಿದ್ದಾರೆ. ಅನ್ನ ತಿಂದು ನೋಡಿದೆ. ಕೆಂಪಕ್ಕಿ, ದಪ್ಪ, ಗಂಜಿಗೆ ಹೇಳಿ ಮಾಡಿಸಿದ್ದು. ಜತೆಗೆ ಮೇಲಿನಿಂದ ತಂದಿದ್ದ ಅಪ್ಪೆಮಿಡಿ ಹಾಕಿಕೊಂಡೆ. ಒಂದೇ ಹೊಳೆಯ ಎರಡು ತುದಿ ಒಂದೇ ತಟ್ಟೆಗೆ ಬಂತು.

ಇಳಿತದ ಹೊತ್ತಿಗೆ ತದಡಿಯ ಕಡೆ ಹೊಳೆಯೊಳಗೆ ಜನ ಸೊಂಟದ ಮಟ್ಟ ನೀರಲ್ಲಿ ನಿಂತಿರುತ್ತಾರೆ. ಅಂಬಿಗರು, ಹಾಲಕ್ಕಿಯವರು, ಹೆಂಗಸರೇ ಬಹಳ. ಕಾಲಲ್ಲಿ ಕೆಸರು ತಡಕಿ ಬೆಳಚು ಎಂಬ ಚಿಪ್ಪುಮೀನು ಹುಡುಕುತ್ತಾರೆ. ಸಿಕ್ಕಿದ್ದನ್ನು ಕೈಯಲ್ಲಿ ಎತ್ತಿ ಪಕ್ಕದ ಬುಟ್ಟಿಗೆ. ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ. ಗಂಡನ ದುಡಿಮೆ ನಿಂತ ಮನೆಯೂ ಇದರಿಂದ ಒಲೆ ಹಚ್ಚುತ್ತದೆ. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿ ದೊಡ್ಡದಾಗಿ ಸಮುದ್ರಕ್ಕೆ ಹೋಗುತ್ತದೆ. ಸಾಣೀಕಟ್ಟಾದಲ್ಲಿ ಇದೇ ನೀರು ಒಣಗಿಸಿ ಉಪ್ಪು ಮಾಡುತ್ತಾರೆ. ಒಂದು ಕಾಲಕ್ಕೆ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಯೋಜನೆ ಇತ್ತು, ವಿರೋಧಕ್ಕೆ ನಿಂತುಹೋಯಿತು. 2024ರಲ್ಲಿ ಅದೇ ಅಳಿವೆಯ 4,801 ಹೆಕ್ಟೇರ್ ಜಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಗೊತ್ತಾ ಎಂದು ದಡದಲ್ಲಿ ಬುಟ್ಟಿ ತೊಳೆಯುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ. ‘ಯಾವ ಪಟ್ಟಿಯೋ ಏನೋ ತಮ್ಮಾ’ ಎಂದರು.

ನಾನು ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದೆ. ಮೇಲಿನಿಂದ ಸಿಹಿನೀರು ಬರುವುದು ಕಡಿಮೆಯಾದರೆ ಬೆಳಚಿಗೆ ಏನಾಗುತ್ತದೆ? ಅಜ್ಜಿ ಬುಟ್ಟಿ ಕೆಳಗಿಟ್ಟರು. ಹೊಳೆಯ ಆ ಕಡೆ, ಈ ಕಡೆ ಕೈ ತೋರಿಸಿ ಪೂರ್ತಿ ಹೇಳಿದರು. ಸಮುದ್ರದ ಬಾಯಿ ಹತ್ತಿರ ಒಂದು ಜಾತಿಯ ಚಿಪ್ಪು, ಒಳಗೆ ಹೋದಂತೆ ಇನ್ನೊಂದು, ಇನ್ನೂ ಒಳಗೆ ಮತ್ತೊಂದು. ಯಾವುದಕ್ಕೆ ಎಷ್ಟು ಉಪ್ಪು ಬೇಕೋ ಅಷ್ಟೇ ಬೇಕು. ಉಪ್ಪು ಮೇಲಕ್ಕೆ ಏರಿದರೆ ಒಳಗಿನವು ಸಾಯುತ್ತವೆ. ಮಳೆಯಲ್ಲಿ ಸಿಹಿನೀರು ವಿಪರೀತವಾದರೂ ಒಂದಷ್ಟು ಸಾಯುತ್ತವೆ, ಆದರೆ ಮಳೆ ನಿಂತ ಮೇಲೆ ಮತ್ತೆ ಹುಟ್ಟುತ್ತವೆ. ಪಕ್ಕದ ಶರಾವತಿ ಅಳಿವೆಯಲ್ಲಿ ಅಣೆಕಟ್ಟಿನಿಂದ ವರ್ಷವಿಡೀ ಸಿಹಿನೀರು ಬರತೊಡಗಿದ ಮೇಲೆ ಚಿಪ್ಪು ಕಡಿಮೆಯಾಯಿತು ಎನ್ನುವುದನ್ನೂ ಅವರೇ ಹೇಳಿದರು. ಅಲ್ಲಿ ಅವರ ತವರುಮನೆಯಂತೆ. ‘ಜಾಸ್ತಿ ಬಂದ್ರೂ ಕಷ್ಟ, ಬರದೇ ಇದ್ರೂ ಕಷ್ಟ. ಹೊತ್ತಿಗೆ ಸರಿಯಾಗಿ ಬರಬೇಕು’ ಎಂದು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡರು. ಕುಮಟಾ ಪೇಟೆಗೆ ಹೋಗುವ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ‘ನಿಮ್ಮೂರು ಯಾವುದು?’ ಎಂದು ಹೋಗುತ್ತಾ ಕೇಳಿದರು. ಹಿರಿಯೂರು ಎಂದೆ. ಅಲ್ಲಿ ಬೆಳಚು ಸಿಗ್ತದಾ ಎಂದರು.